ಎರಡು ಸಲ ಒತ್ತಬೇಕು

ನಮ್ಮ ಮನೆಯಲ್ಲಿ ಒಂದು ಮಾರಿಸ್ ಮೈನರ್ ಕಾರಿತ್ತು. ಅದರ ಬ್ರೇಕು ಒಂದು ಸಲ ಒತ್ತಿದರೆ ಹಿಡಿಯುತ್ತಿರಲಿಲ್ಲ. ಒತ್ತಿ, ಬಿಟ್ಟು, ತಕ್ಷಣ ಇನ್ನೊಮ್ಮೆ ಒತ್ತಬೇಕಿತ್ತು. ಎರಡನೆಯ ಸಲಕ್ಕೆ ಪೆಡಲು ಮೇಲೆ ಬಂದು ಕಾಲಿಗೆ ಗಟ್ಟಿಯಾಗಿ ಸಿಗುತ್ತಿತ್ತು, ಕಾರು ನಿಲ್ಲುತ್ತಿತ್ತು. ಇದು ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ. ಎಷ್ಟು ಗೊತ್ತಿತ್ತೆಂದರೆ ಅದನ್ನು ಯಾರೂ ಮಾತಾಡುತ್ತಿರಲಿಲ್ಲ.

ಪ್ರತಿ ಮನೆಯಲ್ಲೂ ಇಂಥವು ನಾಲ್ಕಾರು ಇರುತ್ತವೆ. ನಮ್ಮಲ್ಲಿ ಹಿತ್ತಿಲ ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿಯೇ ಅಗುಳಿ ಹಾಕಬೇಕಿತ್ತು. ಸೀಮೆಎಣ್ಣೆ ಸ್ಟೋವಿಗೆ ಮೊದಲು ಪಿನ್ನು, ಆಮೇಲೆ ಪಂಪು. ಮಾವನವರ ಹತ್ತಿರ ದುಡ್ಡಿನ ಮಾತೆತ್ತುವುದಿದ್ದರೆ ಕಾಫಿ ಕುಡಿದಾದ ಮೇಲೆ, ಪೇಪರು ಬಿಚ್ಚುವ ಮೊದಲು. ಮದುವೆಯಾಗಿ ಬಂದವಳು ಇದನ್ನೆಲ್ಲ ಆರು ತಿಂಗಳಲ್ಲಿ ಕಲಿತುಬಿಡುತ್ತಾಳೆ. ಯಾರೂ ಹೇಳಿಕೊಡುವುದಿಲ್ಲ, ಎರಡು ಸಲ ಬಾಗಿಲಿಗೆ ಬೆರಳು ಸಿಕ್ಕಿಸಿಕೊಂಡರೆ ತಾನಾಗಿ ಬರುತ್ತದೆ. ಕಲಿತವಳಿಗೆ 'ಹೊಂದಿಕೊಂಡು ಹೋಗುವ ಹುಡುಗಿ' ಎಂಬ ಹೆಸರೂ ಸಿಗುತ್ತದೆ. ನನಗೂ ಸಿಕ್ಕಿತ್ತು. ಸುಳ್ಳೇಕೆ ಹೇಳಲಿ, ಆ ಹೆಸರು ಕೇಳಿದಾಗ ಸಂತೋಷವೂ ಆಗಿತ್ತು.

ಕಾರು ಮಾವನವರ ಕಾಲದ್ದು. ಊರು ಬಿಟ್ಟು ಹೊರಟಿದ್ದ ಒಬ್ಬ ಎಸ್ಟೇಟ್ ಮ್ಯಾನೇಜರರಿಂದ 1958ರಲ್ಲಿ ಕೊಂಡದ್ದಂತೆ. ಇಂಥ ಕಾರುಗಳನ್ನು ಈಗ ವಿಂಟೇಜ್ ಎನ್ನುತ್ತಾರೆ, ಮದುವೆ ಮೆರವಣಿಗೆಗೆ ಬಾಡಿಗೆಗೆ ಕೊಡುತ್ತಾರೆ. ಲೆಕ್ಕದ ಪ್ರಕಾರ 1930ಕ್ಕಿಂತ ಹಿಂದಿನವಕ್ಕೆ ಮಾತ್ರ ಆ ಹೆಸರು ಸಲ್ಲಬೇಕು. ಮಾರಿಸ್ ಮೈನರ್ ಬಂದದ್ದು 1948ರಲ್ಲಿ. ಆಲೆಕ್ ಇಸಿಗೋನಿಸ್ ಎಂಬಾತ ಅದನ್ನು ರೂಪಿಸಿದವನು. ನಮ್ಮ ದೇಶದಲ್ಲೂ ಅದೇ ಕಾರು 'ಬೇಬಿ ಹಿಂದೂಸ್ತಾನ್' ಎಂಬ ಹೆಸರಿನಲ್ಲಿ ಓಡಾಡಿತು. ಗುಂಡಗಿನ ಬೆನ್ನು, ಎರಡು ಬದಿಗೆ ಕಣ್ಣಿನಂಥ ದೀಪ. ಕೊಪ್ಪದ ಪೇಟೆಯಲ್ಲಿ ನಮ್ಮ ಕಾರಿಗೆ ಮಕ್ಕಳು ಆಮೆ ಎಂದು ಹೆಸರಿಟ್ಟಿದ್ದರು.

ಅದರ ಬ್ರೇಕಿನ ಕತೆ ಮುಂದಿನ ಮಾತಿಗೆ ಬೇಕಾದದ್ದರಿಂದ ಸ್ವಲ್ಪ ಹೇಳಿಬಿಡುತ್ತೇನೆ. ಪೆಡಲು ಒತ್ತಿದರೆ ಮಾಸ್ಟರ್ ಸಿಲಿಂಡರ್ ಎಂಬ ಕೊಳವೆಯೊಳಗೆ ಒಂದು ಕೊರಡು ಮುಂದೆ ಸರಿದು ಎಣ್ಣೆಯನ್ನು ತಳ್ಳುತ್ತದೆ. ಆ ಎಣ್ಣೆ ಸಣ್ಣ ನಳಿಗೆಗಳ ಮೂಲಕ ನಾಲ್ಕೂ ಗಾಲಿಗೆ ಹೋಗಿ, ಡ್ರಮ್ಮಿನೊಳಗಿನ ಶೂಗಳನ್ನು ಅಗಲಿಸುತ್ತದೆ. ಶೂ ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲುತ್ತದೆ. ಮೊದಮೊದಲು ಈ ಕೆಲಸಕ್ಕೆ ಹರಳೆಣ್ಣೆ ಬೆರೆಸಿದ ದ್ರವವನ್ನೇ ಬಳಸುತ್ತಿದ್ದರಂತೆ. ಕೇಳಿ ನನಗೆ ನಗು ಬಂದಿತ್ತು, ನಾವು ಮಕ್ಕಳಿಗೆ ಕುಡಿಸುತ್ತಿದ್ದದ್ದೂ ಅದೇ ತಾನೆ. ಈ ಹಳೆಯ ಕಾರುಗಳಲ್ಲಿ ನಾಲ್ಕೂ ಗಾಲಿಗೆ ಸೇರಿ ಎಣ್ಣೆಯ ದಾರಿ ಒಂದೇ. ಎಲ್ಲಿ ಒಂದು ಕಡೆ ಸೋರಿದರೂ ನಾಲ್ಕಕ್ಕೂ ತೊಂದರೆ. ಮೈನರಿನಲ್ಲಿ ಇನ್ನೊಂದು ವಿಚಿತ್ರ: ಎಣ್ಣೆಯ ಮುಚ್ಚಳ ಎಂಜಿನ್ನಿನ ಹತ್ತಿರ ಇಲ್ಲ, ಡ್ರೈವರಿನ ಕಾಲಡಿಯಲ್ಲಿದೆ. ಕಾರ್ಪೆಟ್ಟು ಎತ್ತಿ, ನೆಲದ ಬಿಲ್ಲೆ ತೆಗೆದು, ಅದರ ಕೆಳಗೆ ಕೈಹಾಕಬೇಕು. ಹಾಗಾಗಿ ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.

ನಮ್ಮವರು ನೋಡುತ್ತಿದ್ದರು. ತಿಂಗಳಿಗೊಮ್ಮೆ ಭಾನುವಾರ ಕಾರ್ಪೆಟ್ಟು ಎತ್ತಿ, ಡಬ್ಬಿಯಿಂದ ಎಣ್ಣೆ ಹೊಯ್ದು, ಕೈಯನ್ನು ಹಳೆಯ ಪಂಚೆಗೆ ಒರೆಸಿಕೊಂಡು ಒಳಗೆ ಬರುತ್ತಿದ್ದರು. ಅವರು ಅಜಾಗರೂಕ ಮನುಷ್ಯ ಅಲ್ಲ. ಕಾರಿನ ವಿಷಯದಲ್ಲಿ ಬಹಳ ನಾಜೂಕು. ಕೆಲಸ ಮಾಡಿಸೋಣ ಎಂದು ವರ್ಷವೂ ಅಂದುಕೊಳ್ಳುವುದು, ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು, ಆ ತಿಂಗಳು ದೊಡ್ಡವಳ ಹಾಸ್ಟೆಲ್ ಫೀಸು ಬರುವುದು, ಮುಂದಕ್ಕೆ ಹೋಗುವುದು. ಎರಡು ಸಲ ಒತ್ತಿದರೆ ಹಿಡಿಯುತ್ತದಲ್ಲ.

ಒಮ್ಮೆ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳಿದದ್ದು ನೆನಪಿದೆ. ಹದಿನಾಲ್ಕು ತಿರುವು. ಇವರು ಗೇರು ತಗ್ಗಿಸಿಕೊಂಡು, ಪ್ರತಿ ತಿರುವಿಗೂ ಮೊದಲೇ ಕಾಲಲ್ಲಿ ಟಕ್ ಟಕ್ ಎಂದು ಎರಡು ಸಲ ತಟ್ಟಿ, ಮೃದಂಗ ನುಡಿಸಿದ ಹಾಗೆ ಕಾರು ಇಳಿಸಿದರು. ನಾನು ಮುಂದಿನ ಸೀಟಿನಲ್ಲಿ, ಚಿಕ್ಕವಳು ತೊಡೆಯ ಮೇಲೆ. ಹೆದರಿಕೆ ಆಯಿತೇ ಎಂದರೆ ಇಲ್ಲ. ಹೆಮ್ಮೆಯಾಯಿತು. ಬೇರೆಯವರಾಗಿದ್ದರೆ ಈ ಕಾರನ್ನು ಓಡಿಸುವುದಕ್ಕೇ ಆಗುತ್ತಿರಲಿಲ್ಲ ಎಂದು ಒಳಗೊಳಗೇ ಅಂದುಕೊಂಡೆ. ನಾನು ಅಂದುಕೊಂಡದ್ದರ ಅರ್ಥ ನನಗೇ ಹೊಳೆಯಲಿಲ್ಲ ನೋಡಿ.

1987ರ ಗಣೇಶನ ಹಬ್ಬಕ್ಕೆ ಅತ್ತಿಗೆಯ ಮಗ ಬಂದಿದ್ದ. ಹತ್ತೊಂಬತ್ತು ವರ್ಷ. ಹೊಸದಾಗಿ ಲೈಸೆನ್ಸು ತೆಗೆದುಕೊಂಡವನು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆ ಬಸ್ಸಿನಲ್ಲಿ ಬರುವವರಿದ್ದರು, ಸಾಮಾನು ಬಹಳ ಇತ್ತು. ಇವರು ಆಫೀಸಿನಲ್ಲಿ. "ಅತ್ತೆ, ನಾನೇ ಕಾರು ತಗೊಂಡು ಹೋಗಿ ಅಮ್ಮನ್ನ ಕರ್ಕೊಂಡು ಬರ್ಲಾ?" ಎಂದು ಕೇಳಿದ. ನಾನು ಕಡುಬಿನ ಹಿಟ್ಟು ಕಲಸುತ್ತಿದ್ದೆ. ಕೈ ಒರೆಸಿಕೊಂಡು ಮೊಳೆಯಲ್ಲಿದ್ದ ಕೀಲಿ ತೆಗೆದು ಕೊಟ್ಟೆ. "ನಿಧಾನ ಹೋಗು ಮಾರಾಯ, ಮಳೆ ಬಂದು ರಸ್ತೆ ಜಾರ್ತದೆ" ಎಂದೆ. ಅಷ್ಟೇ ಹೇಳಿದ್ದು.

ನಮ್ಮ ಮನೆಯಿಂದ ಪೇಟೆಗೆ ಇಳಿಜಾರು. ಇಳಿಜಾರಿನ ಕೊನೆಯಲ್ಲಿ ಒಂದು ಮೋರಿ. ಅಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಒಬ್ಬ ಹುಡುಗ ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ. ಇವನು ಬ್ರೇಕು ಒತ್ತಿದ್ದಾನೆ. ಕಾರು ಒಂದಿಷ್ಟು ಹಿಡಿದಂತೆ ಮಾಡಿ, ಎಡಕ್ಕೆ ಎಳೆದು, ಮತ್ತೆ ಪೆಡಲು ನೆಲಕ್ಕೆ ಹೋಯಿತು. ಹ್ಯಾಂಡ್‌ಬ್ರೇಕು ಎಳೆಯುವಷ್ಟರಲ್ಲಿ ಸೈಕಲ್ಲಿಗೆ ಬಡಿದು, ಮೋರಿಯ ಕಟ್ಟೆಗೆ ತಾಗಿ ನಿಂತಿತು. ಹುಡುಗನ ಎಡಗೈ ಮುರಿಯಿತು. ದೇವರು ದೊಡ್ಡವನು, ತಲೆಗೆ ಏನೂ ಆಗಲಿಲ್ಲ. ಹಾಲೆಲ್ಲ ರಸ್ತೆಯ ಮೇಲೆ ಹರಿದು ಮಳೆನೀರಿನೊಂದಿಗೆ ಮೋರಿಗೆ ಇಳಿಯಿತು ಎಂದು ನೋಡಿದವರು ಹೇಳಿದರು.

ಆಸ್ಪತ್ರೆಯ ಖರ್ಚು, ಸೈಕಲ್ಲು, ಹಾಲಿನ ನಷ್ಟ ಎಲ್ಲವನ್ನೂ ಇವರು ಕೊಟ್ಟರು. ಕೈಗೆ ಕಟ್ಟು ಹಾಕಿಸಿಕೊಂಡು ಬಂದ ಸಂಜೆ ಹುಡುಗನ ಅಪ್ಪ ನಮ್ಮ ಅಂಗಳದಲ್ಲಿ ನಿಂತು ಕೈಮುಗಿದ, ತನ್ನ ಮಗನೇ ತಪ್ಪು ಮಾಡಿದವನಂತೆ. "ಹೋಗ್ಲಿ ಬಿಡಿ, ಹುಡುಗು ಬುದ್ಧಿ, ಸ್ಪೀಡಾಗಿ ಹೊಡೆದಿದ್ದಾನೆ" ಎಂದು ಇವರು ಅಳಿಯನ ಪರವಾಗಿ ಕ್ಷಮೆ ಕೇಳಿದರು. ಅಳಿಯ ಕಂಬಕ್ಕೆ ಒರಗಿ ನಿಂತಿದ್ದ. "ಇಲ್ಲ ಮಾವ, ಸ್ಪೀಡಿರ್ಲಿಲ್ಲ. ಕಾರೇ ಎಡಕ್ಕೆ ಎಳೀತು" ಎಂದ. "ಕಾರು ತಾನಾಗಿ ಹೇಗೆ ಎಳೀತದೆ?" ಎಂದರು ಅತ್ತಿಗೆ, ಅವನ ಸ್ವಂತ ತಾಯಿ. ಅವನು ಸುಮ್ಮನಾದ. ನಾನು ಬಾಗಿಲ ಹತ್ತಿರ ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

ಹಬ್ಬ ಕಳೆದು ಮೂರು ದಿನಕ್ಕೆ ಮೇಸ್ತ್ರಿ ಬಂದರು. ವಯಸ್ಸಾದವರು, ಎಸ್ಟೇಟುಗಳ ಕಾರು, ಜೀಪು ಎಲ್ಲ ನೋಡಿದ ಕೈ. ಇವರು, "ನಿನ್ನೆ ಮೊನ್ನೆವರೆಗೂ ಸರಿ ಇತ್ತು ಮೇಸ್ತ್ರಿ, ಹುಡುಗ ಗುದ್ದಿದ ಮೇಲೆ ಏನೋ ಆಗಿದೆ ನೋಡಿ" ಎಂದು ಹೇಳಿ ಆಫೀಸಿಗೆ ಹೋದರು. ಮೇಸ್ತ್ರಿ ಹೂಂ ಎಂದರು. ಅವರ ಜೊತೆ ಬರಬೇಕಾಗಿದ್ದ ಹುಡುಗ ಬಂದಿರಲಿಲ್ಲ. ಪೆಡಲು ಒತ್ತಲು ಒಬ್ಬರು ಬೇಕು. "ಅಮ್ಮ, ಸ್ವಲ್ಪ ಕೂತ್ಕೊಳ್ತೀರಾ?" ಎಂದರು. ನಾನು ಸೆರಗು ಸಿಕ್ಕಿಸಿ ಡ್ರೈವರ್ ಸೀಟಿನಲ್ಲಿ ಕೂತೆ. ಅಲ್ಲಿಯವರೆಗೆ ಆ ಜಾಗದಲ್ಲಿ ಕೂತವಳಲ್ಲ.

ಅವರು ಮೊದಲು ಏನನ್ನೂ ಬಿಚ್ಚಲಿಲ್ಲ. "ಒತ್ತಿ" ಎಂದರು. ಪೆಡಲು ಬಹಳ ಕೆಳಗೆ ಹೋಯಿತು. "ಬಿಟ್ಟು ಮತ್ತೆ ಒತ್ತಿ." ಮೇಲೆ ಬಂತು. "ಸ್ಪ್ರಿಂಗಿನ ಹಾಗೆ ಮೆತ್ತಗಿದೆಯಾ, ಗಟ್ಟಿ ಇದೆಯಾ?" ಗಟ್ಟಿ ಇತ್ತು. ಮೆತ್ತಗಿದ್ದರೆ ಎಣ್ಣೆಯ ದಾರಿಯಲ್ಲಿ ಗಾಳಿ ಸೇರಿದೆ ಎಂದು ಅರ್ಥವಂತೆ. ಗಾಳಿಯನ್ನು ಅದುಮಬಹುದು, ಎಣ್ಣೆಯನ್ನು ಅದುಮಲಾಗದು. ಒಂದು ಸಲಕ್ಕೆ ಕೆಳಗೆ ಹೋಗಿ ಎರಡನೆಯದಕ್ಕೆ ಗಟ್ಟಿಯಾದರೆ ಶೂ ಸವೆದು ಡ್ರಮ್ಮಿನಿಂದ ದೂರವಾಗಿರಬಹುದು. ಜಾಕು ಕೊಟ್ಟು ಒಂದೊಂದೇ ಗಾಲಿ ಎತ್ತಿ, ಸಂದಿಯಲ್ಲಿ ಸ್ಕ್ರೂಡ್ರೈವರು ತೂರಿಸಿ, ಗಾಲಿ ಬಿಗಿಯಾಗುವವರೆಗೆ ತಿರುಗಿಸಿ ಮತ್ತೆ ಒಂದು ಹಲ್ಲು ಹಿಂದಕ್ಕೆ ಬಿಟ್ಟರು. ಮುಂದಿನ ಗಾಲಿಗಳಲ್ಲಿ ಇಂಥ ತಿರುಪು ಎರಡೆರಡು, ಹಿಂದಿನವುಗಳಲ್ಲಿ ಒಂದೊಂದು. ಪೆಡಲು ಸುಮಾರಾಗಿ ಮೇಲೆ ಬಂತು. ನಾನು, ಆಯಿತು ಎಂದುಕೊಂಡೆ.

"ಈಗ ಒತ್ತಿ ಹಿಡ್ಕೊಳ್ಳಿ. ಬಿಡ್ಬೇಡಿ. ಜೋರಾಗಿಯೂ ಬೇಡ" ಎಂದರು. ಹಿಡಿದುಕೊಂಡೆ. ಒಂದು ನಿಮಿಷವೂ ಆಗಿರಲಿಲ್ಲ, ಪಾದದ ಕೆಳಗೆ ಪೆಡಲು ಮೆಲ್ಲಗೆ ಇಳಿಯತೊಡಗಿತು. ಕೆಸರಿನಲ್ಲಿ ಕಾಲು ಹೂತುಹೋಗುತ್ತದಲ್ಲ, ಹಾಗೆ. ಸದ್ದಿಲ್ಲ. ನೆಲ ಮುಟ್ಟಿತು. "ಇಳೀತಾ ಇದೆ ಮೇಸ್ತ್ರಿ" ಎಂದೆ. ನನ್ನ ದನಿ ನಡುಗಿತ್ತೋ ಏನೋ, ಅವರು ಬಾಗಿ ನನ್ನ ಮುಖ ನೋಡಿದರು.

ಕಾರ್ಪೆಟ್ಟು ಎತ್ತಿ ಒಳಗಿನದನ್ನು ಬಿಚ್ಚಿದರು. ಎಣ್ಣೆ ಹಳೆಯ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಕುಡಿಯುತ್ತದಂತೆ, ನಮ್ಮ ಮಲೆನಾಡಿನ ಮಳೆಗೆ ಕೇಳಬೇಕೇ? ಸಿಲಿಂಡರಿನ ಒಳಗೋಡೆ ತುಕ್ಕು ತಿಂದು ತರಿತರಿಯಾಗಿತ್ತು, ಕೊರಡಿನ ತುದಿಯ ರಬ್ಬರ್ ಕಪ್ಪಿನ ಅಂಚು ಸವೆದಿತ್ತು. ಬೇಗ ಬೇಗ ಎರಡು ಸಲ ಒತ್ತಿದರೆ ಒಂದು ಕ್ಷಣಕ್ಕೆ ಹಿಡಿದೀತು. ಒಂದೇ ಸಲ ಒತ್ತಿ ಹಿಡಿದರೆ ಎಣ್ಣೆ ಕಪ್ಪನ್ನು ದಾಟಿ ಹಿಂದಕ್ಕೆ ಬರುತ್ತದೆ. ಆಮೇಲೆ ಅವರು ಮುಂದಿನ ಬಲಗಾಲಿಯ ಡ್ರಮ್ಮು ತೆಗೆದರು. ನಾನು, "ಎಡಕ್ಕೆ ಎಳೀತು ಅಂದ ಹುಡುಗ, ಎಡಗಾಲಿ ನೋಡ್ಬೇಕಲ್ವಾ?" ಎಂದೆ. ಅವರು ನಕ್ಕರು. "ಎಳೆಯೋ ಗಾಲಿ ತನ್ನ ಕೆಲಸ ಮಾಡ್ತಾ ಇದೆ ಅಮ್ಮ. ಹಿಡಿಯದೆ ಇರೋದು ಈ ಕಡೆದು." ಬಲಗಾಲಿಯೊಳಗಿನ ಸಣ್ಣ ಸಿಲಿಂಡರು ಸೋರಿ ಲೈನರು ಎಣ್ಣೆಯಲ್ಲಿ ನೆಂದು ಹೋಗಿತ್ತು. ಬೆರಳಲ್ಲಿ ಮುಟ್ಟಿ ನನಗೆ ತೋರಿಸಿದರು. ಅಂದರೆ ಹುಡುಗ ಹೇಳಿದ್ದು ಅಕ್ಷರಶಃ ನಿಜ. ಕಾರೇ ಎಳೆದಿತ್ತು.

"ಎಣ್ಣೆ ಎಷ್ಟು ದಿನಕ್ಕೊಮ್ಮೆ ಹಾಕ್ತಿದ್ರು?" ಎಂದು ಕೇಳಿದರು. "ತಿಂಗಳಿಗೊಂದು ಸಲ." "ಬ್ರೇಕೆಣ್ಣೆ ಖರ್ಚಾಗೋ ಸಾಮಾನಲ್ಲ. ಕಮ್ಮಿಯಾಯ್ತು ಅಂದ್ರೆ ಎಲ್ಲೋ ಹೋಗಿದೆ ಅಂತ. ಎಷ್ಟು ವರ್ಷ ಆಯ್ತು?" ಮೂರು ವರ್ಷ ಎಂದೆ. ಸರಾಗವಾಗಿ ಹೇಳಿಬಿಟ್ಟೆ. ಯಾವುದೂ ತಡೆಯಲಿಲ್ಲ.

ಅಂದಿನಿಂದ ಇಂದಿನವರೆಗೆ ನನ್ನನ್ನು ಕಾಡುವುದು ಅದೇ. ಕಾರು ಸರಿಯಾಗಬೇಕಿತ್ತು, ಮೇಸ್ತ್ರಿಗೆ ನಿಜ ಹೇಳಿದೆ. ಮೂರು ದಿನ ಮೊದಲು ಅಂಗಳದಲ್ಲಿ ಒಬ್ಬ ಹುಡುಗ ಎಲ್ಲರೆದುರು ತಲೆತಗ್ಗಿಸಿ ನಿಂತಿದ್ದಾಗ ಅದೇ ಬಾಯಿ ಬಂದಾಗಿತ್ತು. ಸಂಜೆ ಇವರು ಬಂದಾಗ ಮೇಸ್ತ್ರಿ ಏನೇನು ಕೆಟ್ಟಿತ್ತೆಂದು ಹೇಳಿದರು. ಎಷ್ಟು ದಿನದಿಂದ ಎಂಬುದನ್ನು ಮಾತ್ರ ಹೇಳಲಿಲ್ಲ, ನನ್ನ ಮಾನ ಉಳಿಸಲೆಂದೇ ಇರಬೇಕು. ಇವರು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಜೆ.ಸಿ. ರಸ್ತೆಗೆ ಮರುದಿನವೇ ಹೋಗಿ ಸಾಮಾನು ತಂದರು. ಆ ವಿಷಯ ನಾವಿಬ್ಬರೂ ಆಮೇಲೆ ಎತ್ತಲಿಲ್ಲ. ಅತ್ತಿಗೆಯ ಮನೆಯಲ್ಲಿ, 'ಮಾವನ ಕಾರು ಗುದ್ದಿದವನು' ಎಂಬ ಮಾತು ತಮಾಷೆಯಾಗಿ ಉಳಿಯಿತು. ಅವನು ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ. ದೊಡ್ಡ ಕೆಲಸಕ್ಕೆ ಸೇರಿ ಎರಡು ಕಾರು ಕೊಂಡರೂ ಡ್ರೈವರನ್ನೇ ಇಟ್ಟುಕೊಂಡ, ಇಲ್ಲವೆಂದರೆ ಹೆಂಡತಿ ಓಡಿಸುತ್ತಿದ್ದಳು.

ಕೀಲಿ ಕೊಡುವಾಗ ಎರಡು ಸಲ ಒತ್ತಬೇಕು ಎಂದು ನಾನು ಏಕೆ ಹೇಳಲಿಲ್ಲ? ಕೈಯಲ್ಲಿ ಹಿಟ್ಟಿತ್ತು, ಹಬ್ಬದ ಗಡಿಬಿಡಿ, ಮರೆತೆ ಎಂದು ಬಹಳ ವರ್ಷ ಹೇಳಿಕೊಂಡೆ. ಆದರೆ ರಸ್ತೆ ಜಾರುತ್ತದೆ ಎಂದು ಹೇಳಲು ಮರೆಯಲಿಲ್ಲವಲ್ಲ. ಆ ಕ್ಷಣವನ್ನು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ನಾಲಿಗೆಯ ಹಿಂದೆ ಎಲ್ಲೋ ಒಂದು ಅಳುಕು ಇತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ: ಬ್ರೇಕು ಸರಿಯಿಲ್ಲ ಎಂದರೆ ಇವನು ಹೋಗಿ ಅತ್ತಿಗೆಗೆ ಹೇಳುತ್ತಾನೆ, ಕಾರು ರಿಪೇರಿಗೂ ಇಲ್ಲದ ಹಾಗಾಗಿದೆ ತಮ್ಮನ ಮನೆ ಎಂದು ಅವರು ಅಂದುಕೊಳ್ಳುತ್ತಾರೆ. ಇನ್ನೊಮ್ಮೆ, ಅಷ್ಟೆಲ್ಲ ಯೋಚಿಸಲು ಪುರುಸೊತ್ತೆಲ್ಲಿತ್ತು, ಆಮೇಲೆ ನಾನೇ ಕಟ್ಟಿಕೊಂಡದ್ದು ಎನ್ನಿಸುತ್ತದೆ. ಎರಡರಲ್ಲಿ ಯಾವುದು ನಿಜ ಎಂದು ನನಗೆ ಗೊತ್ತಿಲ್ಲ.

ನಮ್ಮ ಧರ್ಮಶಾಸ್ತ್ರಗಳು ಪಾಪವನ್ನು ತಿಳಿದು ಮಾಡಿದ್ದು, ತಿಳಿಯದೆ ಮಾಡಿದ್ದು ಎಂದು ಬೇರೆ ಮಾಡಿ, ಪ್ರಾಯಶ್ಚಿತ್ತವನ್ನೂ ಬೇರೆ ಬೇರೆ ಹೇಳಿವೆ. ನನ್ನದು ಯಾವ ಸಾಲಿಗೆ ಸೇರುತ್ತದೆ? ತಿಳಿದಿತ್ತು. ಆ ಹೊತ್ತಿಗೆ ತಿಳಿವು ಮುಂದೆ ಬರಲಿಲ್ಲ. ಧರ್ಮರಾಯನಾದರೂ ಕುಂಜರ ಎಂಬ ಮಾತನ್ನು ಮೆಲ್ಲಗೆ ಹೇಳಿದ, ಅದಕ್ಕೇ ನೆಲದಿಂದ ಮೇಲಿದ್ದ ಅವನ ರಥದ ಗಾಲಿ ಕೆಳಗಿಳಿಯಿತು. ನಾನು ಮೆಲ್ಲಗೂ ಹೇಳಿದವಳಲ್ಲ.

ಮಗಳು ಎಂ.ಎ. ಓದುವಾಗ ಅವಳ ಪುಸ್ತಕಗಳ ನಡುವೆ ಒಂದು ಪ್ರಬಂಧ ಸಿಕ್ಕಿತ್ತು. ಡಬ್ಲ್ಯು. ಕೆ. ಕ್ಲಿಫರ್ಡ್ ಎಂಬ ಇಂಗ್ಲಿಷ್ ಗಣಿತಜ್ಞ 1877ರಲ್ಲಿ ಬರೆದದ್ದು, ನಂಬಿಕೆಗೂ ಒಂದು ನೀತಿ ಇದೆ ಎಂಬ ವಿಷಯ. ಮೂವತ್ಮೂರಕ್ಕೇ ತೀರಿಕೊಂಡನಂತೆ ಪಾಪ. ಅದರಲ್ಲಿ ಒಬ್ಬ ಹಡಗಿನ ಯಜಮಾನನ ಕತೆ ಬರುತ್ತದೆ. ಹಡಗು ಹಳತು, ಎಷ್ಟೋ ಸಲ ರಿಪೇರಿ ಕಂಡದ್ದು. ಪ್ರಯಾಣಕ್ಕೆ ಯೋಗ್ಯವೋ ಇಲ್ಲವೋ ಎಂದು ಅವನಿಗೆ ಸಂದೇಹ ಬರುತ್ತದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ, ದೇವರು ಕಾಪಾಡುತ್ತಾನೆ ಎಂದು ಆ ಸಂದೇಹವನ್ನು ಒರೆಸಿಹಾಕಿ, ಪ್ರಾಮಾಣಿಕವಾಗಿಯೇ ನಂಬಿ, ವಲಸೆ ಹೊರಟ ಸಂಸಾರಗಳನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ನಂಬಿದ್ದು ನಿಜವಾದರೂ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ, ಆದ್ದರಿಂದ ಆ ಸಾವುಗಳಿಗೆ ಅವನೇ ಹೊಣೆ ಎನ್ನುತ್ತಾನೆ ಕ್ಲಿಫರ್ಡ್. ಇಲ್ಲಿಯವರೆಗೆ ನಾನು ತಲೆದೂಗಿದೆ. ಮುಂದೆ ಅವನು ಇನ್ನೊಂದು ಮಾತು ಸೇರಿಸುತ್ತಾನೆ: ಹಡಗು ಮುಳುಗದೆ ಕ್ಷೇಮವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ತಪ್ಪು ಸಿಕ್ಕಿಬೀಳುತ್ತಿರಲಿಲ್ಲ, ಅಷ್ಟೇ.

ಅದನ್ನು ಓದಿದಾಗ ನನಗೆ ಹಾಲಿನ ಹುಡುಗನಿಗಿಂತ ಮೊದಲು ನೆನಪಾದದ್ದು ಆಗುಂಬೆ. ತೊಡೆಯ ಮೇಲೆ ಮಗು, ಎದೆಯಲ್ಲಿ ಹೆಮ್ಮೆ. ಕ್ಲಿಫರ್ಡ್ ಹೇಳುವುದು ಸರಿಯಾದರೆ ನಾವು ತಪ್ಪು ಮಾಡಿದ್ದು ಹಬ್ಬದ ಹಿಂದಿನ ದಿನ ಒಂದೇ ಅಲ್ಲ. ಆ ಮೂರು ವರ್ಷದ ಪ್ರತಿ ದಿನವೂ, ಏನೂ ಆಗದ ದಿನಗಳಲ್ಲೂ ಮಾಡಿದ್ದೆವು. ಒಪ್ಪುವುದು ಕಷ್ಟ. ಆದರೆ ಒಪ್ಪದಿರುವುದಕ್ಕೆ ನನ್ನ ಹತ್ತಿರ ಇರುವ ಕಾರಣವೆಂದರೆ ಏನೂ ಆಗಲಿಲ್ಲವಲ್ಲ ಎಂಬುದೊಂದೇ. ಅದೂ ಆ ಯಜಮಾನನ ಮಾತೇ.

ಹೊಂದಿಕೊಳ್ಳುವುದು ಕೆಟ್ಟದ್ದು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೊಂದಿಕೊಳ್ಳದೆ ಯಾವ ಸಂಸಾರ ನಡೆದಿದೆ? ಕೋಪಿಷ್ಠ ಗಂಡಸಿನ ಮನೆಯಲ್ಲಿ ಯಾವ ಹೊತ್ತಿಗೆ ಏನು ಮಾತಾಡಬೇಕು, ಕುಡಿದು ಬರುವವನ ಮನೆಯಲ್ಲಿ ಮಕ್ಕಳನ್ನು ಎಷ್ಟು ಹೊತ್ತಿಗೆ ಮಲಗಿಸಬೇಕು ಎಂಬುದೆಲ್ಲ ಎರಡು ಸಲ ಒತ್ತುವ ವಿದ್ಯೆಯೇ. ಅದರಿಂದ ದಿನ ದೂಡಿದ ಹೆಂಗಸರನ್ನು ನಾನು ಜರೆಯಲಾರೆ. ನನ್ನ ಚಿಂತೆ ಬೇರೆ. ಕಾಲಿಗೆ ರೂಢಿಯಾದದ್ದು ತಲೆಯಿಂದ ಇಳಿದುಹೋಗುತ್ತದೆ. ಆಮೇಲೆ ಅಂಥ ಮನೆಗೆ ಏನೂ ಗೊತ್ತಿಲ್ಲದ ಒಬ್ಬಳು ಸೊಸೆಯಾಗಿ ಬರುತ್ತಾಳೆ, ಅಥವಾ ಒಬ್ಬ ಹುಡುಗ ರಜೆಗೆ ಬರುತ್ತಾನೆ. ಅವರಿಗೆ ಕೀಲಿ ಕೊಡುತ್ತೇವೆ, ನಿಧಾನ ಹೋಗು ಎನ್ನುತ್ತೇವೆ. ಏಟು ತಿಂದರೆ ಅವರಿಗೆ ಓಡಿಸಲು ಬರಲಿಲ್ಲ ಎಂದು ಹೇಳಿಬಿಡುತ್ತೇವೆ. ಎಡಕ್ಕೆ ಎಳೆಯಿತು ಎಂದು ಕೂಗಿದವರ ಮೇಲೆಯೇ ಎಲ್ಲರ ಕಣ್ಣು ಹೋಗುತ್ತದೆ. ಬಲಗಾಲಿಯನ್ನು ಬಿಚ್ಚಿ ನೋಡುವ ಮೇಸ್ತ್ರಿಗಳು ಸಂಸಾರದಲ್ಲಿ ಎಲ್ಲಿ ಸಿಗುತ್ತಾರೆ?

ಕಾರನ್ನು ಇವರು 1994ರಲ್ಲಿ ಮಾರಿದರು. ಕೊಳ್ಳಲು ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಾಗಿಲಿನ ಬೀಗ, ವೈಪರು, ಮೂರನೆಯ ಗೇರು, ಏನೇನು ಕೊರತೆ ಇದೆಯೋ ಒಂದೊಂದಾಗಿ ಹೇಳಿದರು. ಬೆಲೆ ಇಳಿಯಿತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅದು ಅವರು ಕಟ್ಟಿದ ಪ್ರಾಯಶ್ಚಿತ್ತ ಎಂದು ನನಗೆ ಅನ್ನಿಸಿತು. ಅವರನ್ನು ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ಹಾಲಿನ ಹುಡುಗನ ಕೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತು. ಅವನಿಗೂ ಈಗ ಮೊಮ್ಮಕ್ಕಳು. ಪೇಟೆಯಲ್ಲಿ ಸಿಕ್ಕಿದರೆ ಸ್ಕೂಟರು ನಿಲ್ಲಿಸಿ, ಆ ಕೈಯನ್ನೇ ಎತ್ತಿ, "ಅಮ್ಮ, ಚೆನ್ನಾಗಿದ್ದೀರಾ?" ಎನ್ನುತ್ತಾನೆ. ಅವನಿಗೆ ನಾನು ಇನ್ನೂ ಹೇಳಿಲ್ಲ.

ಅಳಿಯನಿಗೆ ಹೇಳಿದೆ. ಅತ್ತಿಗೆ 2022ರಲ್ಲಿ ಹೋದರು. ವೈಕುಂಠ ಸಮಾರಾಧನೆಯ ಮಾರನೆಯ ದಿನ ನೆಂಟರೆಲ್ಲ ಹೊರಟು, ಅವನೂ ನಾನೂ ಜಗಲಿಯಲ್ಲಿ ಕೂತಿದ್ದೆವು. ತಲೆ ಪೂರ್ತಿ ಬೆಳ್ಳಗಾಗಿದೆ. ಹೆಂಡತಿ ಕಾರು ಹಿಂದೆ ಮುಂದೆ ಮಾಡಿ ಅಂಗಳದಲ್ಲಿ ತಿರುಗಿಸುತ್ತಿದ್ದಳು. ಅದನ್ನು ನೋಡುತ್ತ ನಾನು ಮಾತು ತೆಗೆದೆ. ಮೂರು ವರ್ಷದಿಂದ ಬ್ರೇಕು ಹಾಗಿತ್ತು, ನಮಗೆಲ್ಲ ಗೊತ್ತಿತ್ತು, ಕೀಲಿ ಕೊಡುವಾಗ ನಾನು ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ ಎಂದೆ. ಬೈದರೆ ಬೈಸಿಕೊಳ್ಳಲು ಸಿದ್ಧಳಾಗಿದ್ದೆ. ಅವನು ಬೈಯಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಎರಡನೇ ಸಲ ಒತ್ತಿದ್ರೆ ನಿಲ್ತಿತ್ತಾ ಅತ್ತೆ?" ಎಂದು ಕೇಳಿದ.

"ನಿಲ್ತಿತ್ತು" ಎಂದೆ.

ಅವನು ತನ್ನ ಬಲಗಾಲನ್ನು ನೋಡಿಕೊಂಡ. "ನಾನು ಒಂದೇ ಸಲ ಒತ್ತಿದ್ದು" ಎಂದ. "ಒತ್ತಿ ಹಿಡ್ಕೊಂಡೇ ಇದ್ದೆ. ಬಿಡ್ಲಿಕ್ಕೆ ಹೆದರಿಕೆಯಾಯ್ತು."